ಕ್ಲಸ್ಟರಿನೊಂದಿಗೆ ಎರಡು ಮಳೆಗಾಲ

ನಾನು ಉಡುಪಿಯಿಂದ ಮಂಗಳೂರಿಗೆ ದಿನವೂ ಬಸ್ಸಿನಲ್ಲಿ ಓಡಾಡುವವನು. ಉಳ್ಳಾಲದ ಕಡಲ್ಕೊರೆತದ ಕುರಿತು ಸಂಶೋಧನೆ. ಅಲೆಗಳ ಲೆಕ್ಕಾಚಾರಕ್ಕೆ ನಮ್ಮ ಸಂಸ್ಥೆಯ ಕ್ಲಸ್ಟರನ್ನು, ಅಂದರೆ ಒಂದಾಗಿ ದುಡಿಯುವಂತೆ ಜೋಡಿಸಿದ ಕಂಪ್ಯೂಟರುಗಳ ಗುಂಪನ್ನು, ಬಳಸತೊಡಗಿ ಎರಡು ಮಳೆಗಾಲ ಕಳೆದವು. ಎಷ್ಟು ನೋಡ್, ಎಷ್ಟು ಮೆಮೊರಿ ಎಂಬುದೆಲ್ಲ ಲಾಗಿನ್ ಆದ ಕೂಡಲೇ ಪರದೆಯ ಮೇಲೆ ಬರುತ್ತದೆ, ಅದು ಇಲ್ಲಿ ಬೇಡ.

ಸಿಟ್ಟು ಬಂದದ್ದು ಕಳೆದ ಜೂನ್‌ನಲ್ಲಿ. ಸಂಜೆ 64 ಪ್ರಕ್ರಿಯೆಗಳು (ಪ್ರೊಸೆಸರಿನ ಒಂದೊಂದು ಕೋರ್‌ನಲ್ಲಿ ಓಡುವ ಪ್ರೋಗ್ರಾಂನ ಪ್ರತಿಗಳು) ಹಂಚಿಕೊಂಡು ಮಾಡುವ ಕೆಲಸವನ್ನು ಸರತಿಗೆ ಹಾಕಿ ಮನೆಗೆ ಹೋದೆ. ಐದು ಗಂಟೆಯಲ್ಲಿ ಮುಗಿಯಬೇಕಾದದ್ದು ಬೆಳಿಗ್ಗೆ ನೋಡಿದರೆ ಒಂಬತ್ತು ಗಂಟೆ ಕಳೆದರೂ ಓಡುತ್ತಲೇ ಇದೆ. ದೋಷಗಳ ಕಡತ ಖಾಲಿ. ಪ್ರತಿ ಪ್ರಕ್ರಿಯೆಯೂ 0ಯಿಂದ ಎಣಿಸಿದ ತನ್ನ ಸಂಖ್ಯೆಯನ್ನೂ ಒಟ್ಟು ಎಷ್ಟು ಎಂಬುದನ್ನೂ ಬರೆಯುವ ಇನ್ನೊಂದು ಕಡತದಲ್ಲಿ ‘ನಾನು 0, ಒಟ್ಟು 1’ ಎಂಬ ಒಂದೇ ಸಾಲು 64 ಸಲ! ಪ್ರತಿಯೊಂದು ಪ್ರಕ್ರಿಯೆಯೂ ಲೋಕದಲ್ಲಿ ತಾನೊಂದೇ ಎಂದುಕೊಂಡು ಇಡೀ ಕಡಲನ್ನು ತಲೆಯ ಮೇಲೆ ಹೊತ್ತಿತ್ತು.

ಪ್ರಕ್ರಿಯೆಗಳು ಪರಸ್ಪರ ಮಾತಾಡುವ ರೀತಿಗೆ ಎಂಪಿಐ ಎಂದು ಹೆಸರು; ಎಂಪಿಐಸಿಎಚ್ ಮತ್ತು ಓಪನ್ ಎಂಪಿಐ ಅದರ ಎರಡು ಬೇರೆಬೇರೆ ತಂತ್ರಾಂಶಗಳು, ಒಂದರದು ಇನ್ನೊಂದಕ್ಕೆ ಹೊಂದುವುದಿಲ್ಲ. ಪ್ರೋಗ್ರಾಂ ಕಂಪೈಲ್ ಆದದ್ದು ಎಂಪಿಐಸಿಎಚ್‌ನಲ್ಲಿ, ಓಡಿಸಿದ್ದು ಓಪನ್ ಎಂಪಿಐನ ಎಂಪಿಐರನ್ ಎಂಬ ಆದೇಶ. ಬೇಕಾದ ತಂತ್ರಾಂಶವನ್ನು ಆರಿಸಲು ಮಾಡ್ಯೂಲ್ ಲೋಡ್ ಮಾಡುವಾಗ ನಾನು ಬರೀ ‘ಎಂಪಿಐ’ ಎಂದು ಬರೆದಿದ್ದೆ. ಆ ಹೆಸರಿನ ಹಿಂದಿದ್ದುದನ್ನು ನಡುವೆ ಯಾರೋ ಬದಲಿಸಿದ್ದರು. ಒಂದು ಸಾಲಿನ ಸೂಚನೆಯೂ ಇಲ್ಲ. ಕ್ಲಸ್ಟರ್ ನೋಡಿಕೊಳ್ಳುವವರನ್ನು ಕೇಳಿದರೆ, “ಪೂರ್ತಿ ಹೆಸರು, ಆವೃತ್ತಿ ಬರೆಯಬೇಕಲ್ಲ ಮಾರಾಯರೇ” ಎಂಬ ಉತ್ತರ. ತಿಂಗಳಿಗೆ ನನ್ನ ಪಾಲು 4000 ಕೋರ್-ಗಂಟೆ (ಒಂದು ಕೋರ್ ಒಂದು ಗಂಟೆ ದುಡಿದರೆ ಒಂದು). ಅದರಲ್ಲಿ 576 ನೀರುಪಾಲು.

ಅಂದಿನಿಂದ ಒಂದು ವ್ರತ ಹಿಡಿದಿದ್ದೇನೆ. ಸಂಜೆ ಮೊದಲು ನಾಲ್ಕೇ ಪ್ರಕ್ರಿಯೆಗಳ, ಒಂದು ನಿಮಿಷದ ಪುಟ್ಟ ಕೆಲಸ ಕಳುಹಿಸಿ ಕ್ಯಾಂಟೀನಿಗೆ ಹೋಗುತ್ತೇನೆ. ಒಂದು ಪ್ಲೇಟ್ ಗೋಳಿಬಜೆ, ಚಹಾ. ಮರಳಿ ಬರುವಾಗ ಪರದೆಯ ಮೇಲೆ 2, 0, 3, 1 ಎಂದು ಬಂದಿರಬೇಕು. ಕ್ರಮ ತಪ್ಪಿದ್ದರೆ ಚಿಂತೆಯಿಲ್ಲ. ಯಾರು ಮೊದಲು ಮುಗಿಸಿದರೋ ಅವರ ಸಾಲು ಮೊದಲು. ನಾಲ್ಕು ಬೇರೆಬೇರೆ ಸಂಖ್ಯೆ ಕಂಡರೆ ಸಾಕು, ದೊಡ್ಡ ಕೆಲಸವನ್ನು ಹಾಕಿ ಹೊರಡುತ್ತೇನೆ. 128 ಪ್ರಕ್ರಿಯೆಗಳನ್ನೂ ಒಮ್ಮೆ ಕೇಳಿ ನೋಡಿದೆ. ಐದು ಗಂಟೆಯದು ನಾಲ್ಕಕ್ಕೆ ಇಳಿಯಿತು, ಖರ್ಚು 320 ಕೋರ್-ಗಂಟೆಯಿಂದ 512ಕ್ಕೆ ಏರಿತು. ಹಂಚಲಾಗದ ಭಾಗವೇ ವೇಗಕ್ಕೆ ಮಿತಿ ಎಂದು ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲೇ ಹೇಳಿದ್ದನ್ನು ನಾನು ದುಡ್ಡು ಕೊಟ್ಟು ಕಲಿತಂತಾಯಿತು.

ಇಷ್ಟಾದರೂ ಬಿಟ್ಟುಹೋಗಲು ಮನಸ್ಸಿಲ್ಲ, ಕಾರಣ ಯಾವ ಕೆಲಸ ಯಾವಾಗ ಓಡಬೇಕೆಂದು ನಿರ್ಧರಿಸುವ ಸ್ಲರ್ಮ್ ತಂತ್ರಾಂಶದ ಸರತಿ. ಮೊದಲೆಲ್ಲ ಹೆದರಿಕೆಯಿಂದ ಪ್ರತಿ ಕೆಲಸಕ್ಕೂ 48 ಗಂಟೆ ಕೇಳುತ್ತಿದ್ದೆ, ಎರಡೆರಡು ದಿನ ಕಾಯುತ್ತಿದ್ದೆ. ಈಗ ಆರೇ ಗಂಟೆ ಕೇಳುತ್ತೇನೆ. ಮಂಗಳೂರಿನಿಂದ ಮರಳುವಾಗ, ಪಡುಬಿದ್ರಿಯಲ್ಲಿ ಹತ್ತುವ ದಿಬ್ಬಣಕ್ಕೆಂದು ಹಿಡಿದಿಟ್ಟ ಸೀಟಿನಲ್ಲಿ ಅದಕ್ಕೂ ಮೊದಲೇ ಮೂಲ್ಕಿಗೆ ಇಳಿಯುವವನನ್ನು ಕಂಡಕ್ಟರ್ ಕೂರಿಸುವುದಿಲ್ಲವೇ, ಹಾಗೆ ದೊಡ್ಡ ಕೆಲಸಗಳ ನಡುವಿನ ಸಂದಿಯಲ್ಲಿ ನನ್ನದನ್ನು ತೂರಿಸಿಬಿಡುತ್ತದೆ. ಮೊನ್ನೆ ಬಸ್ಸು ಹೆಜಮಾಡಿ ಟೋಲ್ ದಾಟುವಾಗ ಮೊಬೈಲ್ ತೆಗೆದು ನೋಡಿದೆ: ‘ಪಿಡಿ’ (ಕಾಯುತ್ತಿದೆ) ಇದ್ದದ್ದು ‘ಆರ್’ (ಓಡುತ್ತಿದೆ) ಆಗಿತ್ತು.

ಕ್ಲಸ್ಟರಿಗೆ ನನ್ನದು ಮೂರೂವರೆ ನಕ್ಷತ್ರ. ಆ 576 ಕೋರ್-ಗಂಟೆಗಳನ್ನು ಮರಳಿಸಿದರೆ ನಾಲ್ಕು ಕೊಡುತ್ತೇನೆ.