ಕೇಳಿ ಕಲಿಯುವ ಬೌದ್ಧ ಧರ್ಮ: ಎರಡು ಪಾಡ್‌ಕಾಸ್ಟ್‌ಗಳಲ್ಲಿ ಯಾವುದು?

ಪುಸ್ತಕ ಹಿಡಿದು ಕೂರಲು ಬಿಡುವಿಲ್ಲದವರಿಗೆ ಇಂಗ್ಲಿಷಿನಲ್ಲಿ ಎರಡು ಒಳ್ಳೆಯ ದಾರಿಗಳಿವೆ.

ನೋವಾ ರಶೇಟಾ ಅವರ ‘ಸೆಕ್ಯುಲರ್ ಬುದ್ಧಿಸಂ’ ತೀರಾ ಹೊಸಬರಿಗೆ ಸಲೀಸು. ಮೊದಲ 5 ಕಂತುಗಳನ್ನು ಕ್ರಮವಾಗಿ ಕೇಳಿ ಎಂದು ಅವರೇ ಹೇಳುತ್ತಾರೆ. ಸಂಪ್ರದಾಯದ ಆಳ ಬೇಕೆನ್ನುವವರಿಗೆ ಮಾತ್ರ ಇದು ಸಾಲದು.

‘ಆಡಿಯೋ ಧರ್ಮ’ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಸಿಟಿಯ ಇನ್‌ಸೈಟ್ ಮೆಡಿಟೇಶನ್ ಸೆಂಟರಿನ ಉಪನ್ಯಾಸಗಳ ಭಂಡಾರ. ಅಲ್ಲಿನ ಬೋಧಕ ಗಿಲ್ ಫ್ರಾನ್ಸ್‌ಡಲ್ ಅವರು ಥೇರವಾದದ (ಬೌದ್ಧ ಧರ್ಮದ ಒಂದು ಹಳೆಯ ಪಂಥ) ಸುತ್ತಗಳನ್ನು, ಅಂದರೆ ಬುದ್ಧನ ಉಪದೇಶಗಳ ಪಾಲಿ ಪಠ್ಯಗಳನ್ನು ನೆಚ್ಚಿ, ಅವಸರವಿಲ್ಲದೆ ಮಾತನಾಡುತ್ತಾರೆ. ಅವರ ಧ್ಯಾನದ ಆರಂಭಿಕ ಪಾಠಗಳು ಉಸಿರಿನಿಂದ ಹೊರಟು ದೇಹ, ಭಾವನೆ, ಆಲೋಚನೆಗಳತ್ತ ಸಾಗುತ್ತವೆ. ಕೇಳಿದ್ದನ್ನು ಅಲ್ಲಿಯೇ ಮಾಡಿ ನೋಡಬಹುದು. ಇದೇ ಕಾರಣಕ್ಕೆ ನನ್ನ ಮನಸ್ಸು ಇದರ ಕಡೆಗೇ ವಾಲುತ್ತದೆ. ಆದರೆ ಸಂಗ್ರಹ ವಿಪರೀತ ದೊಡ್ಡದು, ಒಂದು ಸರಣಿಯನ್ನು ಆರಿಸಿಕೊಂಡು ಅದನ್ನೇ ಮುಗಿಸಿ. ಧ್ಯಾನದ ಕಂತುಗಳನ್ನು ವಾಹನ ಓಡಿಸುವಾಗ ಖಂಡಿತ ಹಾಕಬೇಡಿ.