ಇಂಗ್ಲೆಂಡಿನ ಎನ್‌ಎಚ್‌ಎಸ್: ಬೋರ್ಡ್ ಬದಲಾಗ್ತಾನೇ ಇದೆ, ಕ್ಯೂ ಮಾತ್ರ ಹಾಗೇ ಇದೆ (4/5)

ಎನ್‌ಎಚ್‌ಎಸ್ ಅಂದ್ರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ. ಮೊದ್ಲು ಒಂದು ಸ್ಟಾರ್ ಯಾಕೆ ಕಟ್ ಮಾಡ್ದೆ ಹೇಳ್ಬಿಡ್ತೀನಿ. ನಮ್ಮ ಜಿಪಿ (ಅಂದ್ರೆ ಫ್ಯಾಮಿಲಿ ಡಾಕ್ಟ್ರು) ಹತ್ರ ಅಪಾಯಿಂಟ್‌ಮೆಂಟ್ ಬೇಕಂದ್ರೆ ಬೆಳಿಗ್ಗೆ ಸರಿಯಾಗಿ 8ಕ್ಕೆ ಫೋನ್ ಮಾಡ್ಬೇಕು, ಒಂದು ನಿಮಿಷ ಲೇಟಾದ್ರೆ ನಿಮ್ಮ ಮುಂದೆ 23 ಜನ ಇದಾರೆ ಅನ್ನುತ್ತೆ, ಆಮೇಲೆ ಕಾಯೋವರೆಗೂ ಫೋನಲ್ಲಿ ಅದೇ ಪಿಯಾನೋ ಮ್ಯೂಸಿಕ್, ನಮ್ಮ ಸರದಿ ಬರೋಷ್ಟರಲ್ಲಿ ಇವತ್ತಿಂದು ಮುಗೀತು ನಾಳೆ ಮಾಡಿ ಅಂತಾರೆ.

2011ರಲ್ಲಿ ನಾನಿನ್ನೂ ಇಲ್ಲಿಗೆ ಹೊಸಬ. ಆಗ ಆರೋಗ್ಯ ಮಂತ್ರಿ ಆಂಡ್ರೂ ಲ್ಯಾನ್ಸ್ಲಿ ಎನ್‌ಎಚ್‌ಎಸ್ ಬದಲಾಯ್ಸೋಕೆ ತಂದ ಮಸೂದೆ ವಿರುದ್ಧ ಡಾಕ್ಟ್ರು ನರ್ಸುಗಳು ಎಲ್ಲಾ ಎದ್ದು ನಿಂತಿದ್ರು, ನರ್ಸುಗಳ ಸಮ್ಮೇಳನದಲ್ಲಂತೂ ಮಂತ್ರಿ ಮೇಲೇ ಅವಿಶ್ವಾಸ ಪಾಸಾಯ್ತು. ದುಡ್ಡು ಜಿಪಿಗಳ ಕೈಗೆ ಕೊಡ್ತೀವಿ, ನಡುವಿನ ಅಧಿಕಾರಿಗಳು ಕಮ್ಮಿ ಆಗ್ತಾರೆ ಅಂತ ಸರ್ಕಾರ. ಪ್ರೈವೇಟ್‌ನೋರಿಗೆ ಬಾಗಿಲು ತೆಗೀತಿದೀರಿ ಅಂತ ಇವರು. ದಿನಾ ಬೈಕೊಳ್ಳೋ ಜನ ರಿಪೇರಿ ಮಾಡ್ತೀನಿ ಅಂದ್ರೆ ಯಾಕಪ್ಪಾ ಅಡ್ಡ ಬರ್ತಾರೆ ಅನ್ಸಿತ್ತು ನನಗೆ.

ಗೊತ್ತಾಗಿದ್ದು ಆಮೇಲೆ, ಮಗನಿಗೆ ನಡುರಾತ್ರಿ ಉಬ್ಬಸ ಜಾಸ್ತಿಯಾಗಿ ಎಮರ್ಜೆನ್ಸಿಗೆ ಎತ್ಕೊಂಡು ಓಡಿದಾಗ. ಅವನು ಮಾಸ್ಕ್ ನೋಡಿ ಕಿರುಚ್ತಿದ್ದ, ನರ್ಸ್ ಒಬ್ರು ಅವನ ಕೈಲಿದ್ದ ಕರಡಿ ಬೊಂಬೆಗೆ ಮೊದ್ಲು ಮಾಸ್ಕ್ ಹಾಕಿ ಅದು ಉಸಿರಾಡೋ ತರ ಸದ್ದು ಮಾಡಿ ತೋರ್ಸಿ ಆಮೇಲೆ ಇವನಿಗೆ ಹಾಕಿದ್ರು. ಬೆಳಿಗ್ಗೆ ಇನ್‌ಹೇಲರ್ ಕೈಗೆ ಕೊಟ್ಟು ಹೊರಡಿ ಅಂದ್ರು, ನಾನು ಬಿಲ್ ಕೌಂಟರ್ ಹುಡುಕ್ಕೊಂಡು ಕಾರಿಡಾರೆಲ್ಲಾ ಸುತ್ತಿದೆ. ದುಡ್ಡು ಕೊಟ್ಟಿದ್ದು ಪಾರ್ಕಿಂಗಿಗೆ ಮಾತ್ರ.

ಹಾಗಂತ ಪೂರ್ತಿ ಫ್ರೀ ಅಂದ್ಕೋಬೇಡಿ. ವೀಸಾ ಜೊತೆ ದೊಡ್ಡೋರಿಗೆ ವರ್ಷಕ್ಕೆ 1,035 ಪೌಂಡ್ ಸರ್ಚಾರ್ಜ್ ಕಟ್ಟಬೇಕು (2024ರಿಂದ ಏರ್ಸಿದಾರೆ), ಸಂಬಳದಲ್ಲಿ ಟ್ಯಾಕ್ಸ್ ಬೇರೆ. ಔಷಧಿ ಚೀಟಿಗೆ ವೇಲ್ಸ್, ಸ್ಕಾಟ್ಲೆಂಡಲ್ಲಿ ದುಡ್ಡಿಲ್ಲ, ಇಂಗ್ಲೆಂಡಲ್ಲಿ ಸಾಮಾನ್ಯವಾಗಿ ವಯಸ್ಕರು ಕೊಡ್ಬೇಕು.

ಲ್ಯಾನ್ಸ್ಲಿಯ ಆ ಮಸೂದೆ 2012ರಲ್ಲಿ ಪಾಸಾಗೇ ಆಯ್ತು. ಆಯಾ ಊರಿನ ಚಿಕಿತ್ಸೆ ದುಡ್ಡು ನೋಡ್ಕೊಳ್ತಿದ್ದ ಹಳೇ ಟ್ರಸ್ಟುಗಳನ್ನ ಮುಚ್ಚಿ ಜಿಪಿಗಳ ಗುಂಪು ಮಾಡಿದ್ರು, 2022ರಲ್ಲಿ ಅದನ್ನೂ ತೆಗೆದು ಇನ್ನೊಂದು ಬೋರ್ಡು. ಆ ಕಾಯ್ದೆಯಿಂದಲೇ ಹುಟ್ಟಿದ ಎನ್‌ಎಚ್‌ಎಸ್ ಇಂಗ್ಲೆಂಡ್ ಅನ್ನೋ ಸಂಸ್ಥೇನೂ ಮುಚ್ತೀವಿ ಅಂತ 2025ರಲ್ಲಿ ಹೇಳಿದ್ರು. ಲೆಟರ್‌ಹೆಡ್ ಮೇಲಿನ ಹೆಸರು ಬದಲಾಯ್ಸೋಕೆ ಇಷ್ಟೊಂದು ಹುರುಪು, 8 ಗಂಟೆ ಫೋನ್ ಎತ್ತೋಕೆ ಇನ್ನಿಬ್ರನ್ನ ಹಾಕೋಕೆ ಯಾಕಿಲ್ಲ?

ಹೊಸದಾಗಿ ಬರೋರು ಬಂದ ವಾರದಲ್ಲೇ ಜಿಪಿ ಹತ್ರ ರಿಜಿಸ್ಟರ್ ಮಾಡ್ಕೊಳ್ಳಿ. ಹೊತ್ತಲ್ಲದ ಹೊತ್ತಲ್ಲಿ ಏನಾದ್ರೂ ಕೇಳ್ಬೇಕು ಅಂದ್ರೆ 111, ಜೀವಕ್ಕೇ ಅಪಾಯ ಅಂದ್ರೆ 999.