ಕಾರ್ಪೊರೇಟರ್ ಇಲ್ಲದ ನಮ್ಮ ಬೆಂಗಳೂರು ವಾರ್ಡಿನ ಸೇವೆ: 5ಕ್ಕೆ 2 ಸ್ಟಾರ್

ಮೊದಲು ಚಪ್ಪಡಿ ವಿಷಯ ಹೇಳಿಬಿಡ್ತೀನಿ. ನಮ್ಮ ಗೇಟಿನಿಂದ ನಾಲ್ಕು ಹೆಜ್ಜೆ ಆಚೆ ಮೋರಿ ಮೇಲಿನ ಕಲ್ಲು ಚಪ್ಪಡಿ ಮುರಿದು ಏಳು ತಿಂಗಳಾಯಿತು. ಯಾರೋ ಪುಣ್ಯಾತ್ಮರು ಅದರೊಳಗೆ ಒಂದು ತೆಂಗಿನ ಗರಿ ನಿಲ್ಲಿಸಿದ್ದಾರೆ, ಪಕ್ಕದಲ್ಲಿ ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ ಇಟ್ಟಿದ್ದಾರೆ. ಮಳೆಗಾಲದಲ್ಲಿ ನೀರು ತುಂಬಿದಾಗ ಗರಿ ತೇಲಿ ಹೋಯಿತು, ಅವತ್ತೇ ಪಕ್ಕದ ಮನೆ ಅಜ್ಜಿ ಹಾಲು ತರಲು ಹೋಗಿ ಕಾಲು ಇಟ್ಟರು. ಮೂರು ವಾರ ಮಂಚ ಹಿಡಿದರು.

ದೂರಿನ ಆ್ಯಪ್‌ನಲ್ಲಿ ಮೂರು ಸಲ ಹಾಕಿದೆ. ಮೊದಲ ಸಲ 'ಪರಿಹರಿಸಲಾಗಿದೆ' ಅಂತ ಬಂತು, ಜೊತೆಗೆ ಒಂದು ಫೋಟೋ. ಹೊಸ ಚಪ್ಪಡಿ, ಹಿಂದೆ ನೀಲಿ ಗೇಟಿನ ಮನೆ. ನಮ್ಮ ಬೀದಿಯಲ್ಲಿ ನೀಲಿ ಗೇಟೇ ಇಲ್ಲ. ಎರಡನೇ ಸಲ ಇದು ನಮ್ಮ ಇಲಾಖೆ ಅಲ್ಲ ಅಂದರು. ಮೂರನೆಯದು ಇನ್ನೂ 'ಪರಿಶೀಲನೆಯಲ್ಲಿದೆ'. ವಾರ್ಡ್ ಕಚೇರಿಗೂ ಹೋಗಿ ಬಂದೆ. ಅಲ್ಲಿದ್ದ ಎಂಜಿನಿಯರ್ ಒಳ್ಳೆಯ ಮನುಷ್ಯ, ಕೂರಿಸಿ ಮಾತಾಡಿದರು. ಎರಡು ವಾರ್ಡ್ ಚಾರ್ಜ್ ನನ್ನ ಮೇಲಿದೆ, ಎಸ್ಟಿಮೇಟ್ ಕಳಿಸಿದ್ದೀನಿ, ಮೇಲಿಂದ ಬರಬೇಕು ಅಂದರು. ಆ 'ಮೇಲೆ' ಯಾರಿದ್ದಾರೆ ಅಂತ ಕೇಳಿದರೆ ಅವರಿಗೂ ಸರಿಯಾಗಿ ಹೇಳೋಕೆ ಆಗಲಿಲ್ಲ.

ಎರಡು ಸ್ಟಾರ್ ಯಾಕೆ ಕೊಟ್ಟೆ ಅಂದರೆ, ಒಂದು ಪೌರಕಾರ್ಮಿಕರಿಗೆ. ಬೆಳಿಗ್ಗೆ ಆರೂವರೆಗೆ ಪೊರಕೆ ಸದ್ದು ಕೇಳುತ್ತೆ, ದೀಪಾವಳಿ ಮಾರನೇ ದಿನವೂ ಕೇಳಿತು. ಅವರ ಕೆಲಸದಲ್ಲಿ ನಾನು ಒಂದು ಮಾತೂ ಆಡಲಾರೆ. ಇನ್ನೊಂದು ಆಸ್ತಿ ತೆರಿಗೆಗೆ, ಅದು ಆನ್‌ಲೈನ್‌ನಲ್ಲಿ ಹತ್ತು ನಿಮಿಷದ ಕೆಲಸ, ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿಯೂ ಸಿಗುತ್ತೆ.

ಮೂರು ಸ್ಟಾರ್ ಕಡಿಮೆ ಮಾಡಿದ್ದು ಕಾರ್ಪೊರೇಟರ್ ಇಲ್ಲದ್ದಕ್ಕೆ. ಬಿಬಿಎಂಪಿಗೆ, ಅಂದರೆ ಬೆಂಗಳೂರಿನ ಮಹಾನಗರ ಪಾಲಿಕೆಗೆ, ಕೊನೆಯ ಸಲ ಓಟು ನಡೆದದ್ದು 2015ರ ಆಗಸ್ಟ್‌ನಲ್ಲಿ. ಆ ಕೌನ್ಸಿಲ್ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ಕ್ಕೆ. ಅಲ್ಲಿಂದ ಆಡಳಿತಾಧಿಕಾರಿಗಳ ಕಾರುಬಾರು. ಅವಧಿ ಮುಗಿಯೋ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನದ 243ಯು ವಿಧಿ ಹೇಳುತ್ತೆ. ಆದರೆ ಒಂದೊಂದು ಸಲ ಒಂದೊಂದು ಲೆಕ್ಕ. 198 ಇದ್ದ ವಾರ್ಡು 243 ಆಯಿತು, ಆಮೇಲೆ 225 ಆಯಿತು, ಈಗ 369. ಪ್ರತಿ ಸಲ ಗಡಿ ಬದಲು, ಮೀಸಲಾತಿ ಪಟ್ಟಿ ಬದಲು, ಕೋರ್ಟು, ತಕರಾರು. ಬಿಜೆಪಿ ಸರ್ಕಾರ ಇದ್ದಾಗಲೂ ಹೀಗೇ ಆಯಿತು, ಕಾಂಗ್ರೆಸ್ ಬಂದ ಮೇಲೂ ಹೀಗೇ ಆಯಿತು. ನನ್ನ ಮಗಳಿಗೆ ವೋಟರ್ ಕಾರ್ಡ್ ಬಂದದ್ದು 2019ರಲ್ಲಿ. ಎಂಪಿಗೆ ಹಾಕಿದ್ದಾಳೆ, ಎಂಎಲ್‌ಎಗೆ ಹಾಕಿದ್ದಾಳೆ. ತನ್ನ ಬೀದಿಯ ದೀಪ ನೋಡಿಕೊಳ್ಳುವವರಿಗೆ ಮಾತ್ರ ಓಟು ಹಾಕುವ ಭಾಗ್ಯವೇ ಅವಳಿಗೆ ಸಿಕ್ಕಿರಲಿಲ್ಲ.

ಹಳೆಯ ಕಾರ್ಪೊರೇಟರ್ ದೇವರೇನೂ ಆಗಿರಲಿಲ್ಲ. ಆದರೆ ಅವರ ಮನೆ ನಮ್ಮ ಮನೆಯಿಂದ ನಡೆದರೆ ಐದು ನಿಮಿಷ. ಬೆಳಿಗ್ಗೆ ಏಳಕ್ಕೆ ಮನೆ ಮುಂದೆ ಹತ್ತು ಹನ್ನೆರಡು ಪ್ಲಾಸ್ಟಿಕ್ ಕುರ್ಚಿ ಹಾಕಿರೋರು, ಒಬ್ಬ ಹುಡುಗ ಉದ್ದನೆಯ ನೋಟ್‌ಬುಕ್ ಹಿಡಿದು ಕೂತಿರೋನು. ಹೆಸರು, ಕ್ರಾಸು, ಏನು ತೊಂದರೆ ಅಂತ ಬರೆದುಕೊಳ್ಳೋನು. ಬೀದಿ ದೀಪ ಕೆಟ್ಟಿದೆ ಅಂದರೆ ಅಲ್ಲೇ ಫೋನ್ ಹೋಗ್ತಿತ್ತು, ಎರಡು ದಿನದಲ್ಲಿ ಏಣಿ ಬರ್ತಿತ್ತು. ಅವರಿಗೆ ನಮ್ಮ ಮೇಲೆ ಪ್ರೀತಿ ಉಕ್ಕಿ ಹರಿದು ಮಾಡಿದರು ಅಂತಲ್ಲ. ಮತ್ತೆ ನಮ್ಮ ಮುಂದೆ ಕೈ ಮುಗಿದು ನಿಲ್ಲಬೇಕಿತ್ತು, ಅದಕ್ಕೆ ಮಾಡಿದರು. ನನಗೆ ಅಷ್ಟೇ ಸಾಕು.

ಅವರಿಗೆ ಎಂಎಲ್‌ಎ ಆಗುವ ಆಸೆ ಇದ್ದದ್ದು ಇಡೀ ವಾರ್ಡಿಗೆ ಗೊತ್ತಿತ್ತು. ಮೂರನೇ ವರ್ಷಕ್ಕೆ ಫ್ಲೆಕ್ಸ್ ಜಾಸ್ತಿಯಾಯಿತು, ಪಕ್ಕದ ವಾರ್ಡುಗಳ ಮದುವೆ, ಗೃಹಪ್ರವೇಶಕ್ಕೆಲ್ಲ ಓಡಾಟ ಶುರುವಾಯಿತು. 2018ಕ್ಕೆ ಟಿಕೆಟ್ ಸಿಗಲಿಲ್ಲ. ಆಮೇಲೆ ಬೆಳಗಿನ ಕುರ್ಚಿಗಳು ಕಡಿಮೆಯಾದವು. ಕೊನೆಯ ವರ್ಷ ಆ ನೋಟ್‌ಬುಕ್ ಹುಡುಗನೂ ಕಾಣಲಿಲ್ಲ. ಮನುಷ್ಯನ ಮನಸ್ಸು ನಮ್ಮ ಬೀದಿ ಬಿಟ್ಟು ಹೋಗಿಬಿಟ್ಟಿತ್ತು.

ಮೇಲೆ ಹೋಗೋ ಆಸೆ ತಪ್ಪು ಅಂತ ನಾನು ಹೇಳಲ್ಲ. ಕಾರ್ಪೊರೇಟರ್ ಆಗಿದ್ದ ಬೈರತಿ ಬಸವರಾಜ, ಮುನಿರತ್ನ ಇಬ್ಬರೂ ಎಂಎಲ್‌ಎ ಆದರು, ಮಂತ್ರಿಯೂ ಆದರು. ವಾರ್ಡಿನಲ್ಲಿ ಕೆಲಸ ಕಲಿತವರು ವಿಧಾನಸೌಧಕ್ಕೆ ಹೋದರೆ ಒಳ್ಳೆಯದೇ ಅಲ್ವಾ? ನನ್ನ ಬೇಸರ ಏನೆಂದರೆ, ನಗರದ ಕುರ್ಚಿಯೇ ಒಂದು ದೊಡ್ಡ ಕೆಲಸ ಅಂತ ಯಾರಿಗೂ ಅನ್ನಿಸದಂತೆ ವ್ಯವಸ್ಥೆ ಮಾಡಿಟ್ಟಿದ್ದಾರೆ. 2015ರಿಂದ 2020ರವರೆಗೆ ಮಂಜುನಾಥ ರೆಡ್ಡಿ, ಪದ್ಮಾವತಿ, ಸಂಪತ್ ರಾಜ್, ಗಂಗಾಂಬಿಕೆ, ಗೌತಮ್ ಕುಮಾರ್, ಹೀಗೆ ಐದು ವರ್ಷಕ್ಕೆ ಐದು ಮೇಯರ್. ಒಂದು ವರ್ಷದಲ್ಲಿ ಕಸದ ಟೆಂಡರ್ ಅರ್ಥ ಮಾಡಿಕೊಳ್ಳೋಕೂ ಆಗಲ್ಲ. ಸಂಪತ್ ರಾಜ್ ಅವರಂತೂ ಮೇಯರ್ ಆಗಿದ್ದಾಗಲೇ, 2018ರ ಮೇ ತಿಂಗಳಲ್ಲಿ, ಸಿ.ವಿ. ರಾಮನ್ ನಗರದಿಂದ ವಿಧಾನಸಭೆಗೆ ನಿಂತು ಸೋತರು. ಕೋಟಿ ಜನರ ಊರಿನ ಮೇಯರ್‌ಗೆ ಅದೇ ಊರಿನ 28 ಎಂಎಲ್‌ಎ ಸೀಟುಗಳಲ್ಲಿ ಒಂದು ದೊಡ್ಡದಾಗಿ ಕಂಡರೆ ಅವರೊಬ್ಬರನ್ನೇ ಬೈದು ಏನು ಪ್ರಯೋಜನ?

ಮೇಯರ್ ಯಾರಾಗಬೇಕು ಅನ್ನೋದೂ ವಾರ್ಡಿನಲ್ಲಿ ತೀರ್ಮಾನ ಆಗ್ತಿರಲಿಲ್ಲ. 2015ರಲ್ಲಿ 198ರಲ್ಲಿ ಬಿಜೆಪಿಗೆ 100, ಕಾಂಗ್ರೆಸ್‌ಗೆ 76, ಜೆಡಿಎಸ್‌ಗೆ 14 ಬಂದವು. ಆದರೂ ಮೇಯರ್ ಆದದ್ದು ಕಾಂಗ್ರೆಸ್‌ನವರು. ಯಾಕೆಂದರೆ ಎಂಎಲ್‌ಎ, ಎಂಪಿ, ಎಂಎಲ್‌ಸಿಗಳಿಗೂ ಮೇಯರ್ ಆಯ್ಕೆಯಲ್ಲಿ ಓಟು ಇತ್ತು, ಜೆಡಿಎಸ್ ಮತ್ತು ಪಕ್ಷೇತರರೂ ಕೈ ಜೋಡಿಸಿದರು. ಕಾನೂನು ಪ್ರಕಾರ ಸರಿಯೇ. ಆದರೆ ಕ್ಯೂನಲ್ಲಿ ನಿಂತು ಓಟು ಹಾಕಿದವರಿಗೆ ಏನನ್ನಿಸಬೇಕು ಹೇಳಿ. ನಮ್ಮದೂ ತಪ್ಪಿದೆ, ಆ ಚುನಾವಣೆಯಲ್ಲಿ ಊರಿನ ಅರ್ಧ ಜನವೂ ಓಟು ಹಾಕಲಿಲ್ಲ.

ನನಗನ್ನಿಸೋದು, ಎಂಎಲ್‌ಎಗಳಿಗೆ ಕಾರ್ಪೊರೇಟರ್ ಇಲ್ಲದಿದ್ದರೇ ಆರಾಮ. ಗುದ್ದಲಿ ಪೂಜೆ ಅವರದೇ, ಉದ್ಘಾಟನೆಯೂ ಅವರದೇ. ನಾಳೆ ಟಿಕೆಟ್‌ಗೆ ಅಡ್ಡ ಬರುವ ಒಬ್ಬ ಮನುಷ್ಯ ವಾರ್ಡಿನಲ್ಲಿ ಬೆಳೆಯೋದೇ ಇಲ್ಲ.

ಈಗ ಹೊಸ ವ್ಯವಸ್ಥೆ. ಗ್ರೇಟರ್ ಬೆಂಗಳೂರು ಕಾಯ್ದೆ 2025ರ ಮೇ 15ರಿಂದ ಜಾರಿಯಾಯಿತು, ಸೆಪ್ಟೆಂಬರ್ 2ಕ್ಕೆ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದವು. ಕೆಂಪೇಗೌಡರು ಕಟ್ಟಿದ ಊರನ್ನು ಒಡೆದರು ಅಂತ ಬಿಜೆಪಿ ಹೇಳುತ್ತೆ. ಸಣ್ಣದಾದರೆ ಆಡಳಿತ ಸುಲಭ ಅಂತ ಸರ್ಕಾರ ಹೇಳುತ್ತೆ. ಟಿವಿಯಲ್ಲಿ ಇದೇ ಜಗಳ ಗಂಟೆಗಟ್ಟಲೆ. ನನಗೆ ಒಂದಾದರೂ ಸರಿ, ಐದಾದರೂ ಸರಿ. ಮೇಯರ್ ಅವಧಿ 30 ತಿಂಗಳು ಮಾಡಿದ್ದು ತುಂಬಾ ಒಳ್ಳೆಯ ಕೆಲಸ, ವಾರ್ಡ್ ಚಿಕ್ಕದಾಗಿದ್ದೂ ಒಳ್ಳೆಯದೇ. ಆದರೆ ಐದೂ ಪಾಲಿಕೆಗಳ ಮೇಲಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು. ನೀರು, ಕರೆಂಟು, ಬಸ್ಸು, ಮೆಟ್ರೊ ಒಂದೂ ಮೇಯರ್ ಕೈಯಲ್ಲಿಲ್ಲ. ಡಾಂಬರು ಹಾಕೋರು ಒಬ್ಬರು, ಮಾರನೇ ವಾರ ಅಗೆಯೋರು ಇನ್ನೊಬ್ಬರು, ಇಬ್ಬರನ್ನೂ ಕೂರಿಸಿ ಕೇಳುವ ಅಧಿಕಾರ ಮೇಯರ್‌ಗೆ ಕೊಡದಿದ್ದರೆ ಐದು ಮೇಯರ್ ಇಟ್ಟುಕೊಂಡು ಏನು ಮಾಡೋದು?

ಆಕಾಂಕ್ಷಿಗಳು ಮಾತ್ರ ಬಂದುಬಿಟ್ಟಿದ್ದಾರೆ. ಗಣೇಶನ ಪೆಂಡಾಲ್‌ಗೆ ದುಡ್ಡು, ಕಣ್ಣಿನ ಕ್ಯಾಂಪು, ಹೆಂಗಸರಿಗೆ ಓಂಶಕ್ತಿ ದೇವಸ್ಥಾನಕ್ಕೆ ಬಸ್ಸು. ನಮ್ಮ ವಾರ್ಡ್ ಮಹಿಳೆಯರಿಗೆ ಮೀಸಲಾಗುತ್ತೆ ಅಂತ ಸುದ್ದಿ ಹಬ್ಬಿದ ವಾರವೇ ಒಬ್ಬರ ಫ್ಲೆಕ್ಸ್‌ನಲ್ಲಿ ಹೆಂಡತಿ ಫೋಟೋ ದೊಡ್ಡದಾಯಿತು, ಅವರದು ಚಿಕ್ಕದಾಯಿತು. ಆ ಹೆಣ್ಣುಮಗಳು ನಿಜವಾಗಿ ಕೆಲಸ ಮಾಡೋದಾದರೆ ನನ್ನ ಓಟು ಅವರಿಗೇ, ಗಂಡ ಬಂದು ಸಭೆಯಲ್ಲಿ ಕೂರೋದಾದರೆ ಬೇಡ.

ಹೋದ ಭಾನುವಾರ ಇಬ್ಬರೂ ನಮ್ಮ ಬೀದಿಗೆ ಬಂದಿದ್ದರು, ಹಿಂದೆ ಹದಿನೈದು ಜನ. ನಾನು ಕಾಫಿ ಕೊಡುವ ಮೊದಲು ಚಪ್ಪಡಿ ಹತ್ತಿರ ಕರೆದುಕೊಂಡು ಹೋದೆ. ಗಂಡ ಯಾರಿಗೋ ಫೋನ್ ಮಾಡೋಕೆ ಪಕ್ಕಕ್ಕೆ ಸರಿದರು. ಅವರು ಮಾತ್ರ ಸೀರೆ ನೆರಿಗೆ ಎತ್ತಿಕೊಂಡು ಬಗ್ಗಿ ನೋಡಿದರು, ಎಷ್ಟು ಅಡಿ ಕಲ್ಲು ಬೇಕು ಅಂತ ಕೇಳಿದರು. ನಾಲ್ಕಡಿ ಉದ್ದ, ಎರಡಡಿ ಅಗಲ ಅಂದೆ. ಗೆದ್ದರೆ ಐದು ವರ್ಷ ಇಲ್ಲೇ ಇರ್ತೀರಾ, ಇಲ್ಲ ಎಂಎಲ್‌ಎ ಟಿಕೆಟ್ ನೋಡ್ತೀರಾ ಅಂತಲೂ ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ, ಅಳತೆ ಮಾತ್ರ ಫೋನಿನಲ್ಲಿ ಬರೆದುಕೊಂಡರು. ಕಲ್ಲು ಬಂದ ದಿನ ಈ ರಿವ್ಯೂಗೆ ಫೋಟೋ ಹಾಕ್ತೀನಿ, ನಮ್ಮ ಗೇಟೂ ಕಾಣೋ ಹಾಗೆ.